ಕೇಳತಕ್ಕದ್ದೂ ಅಲ್ಲ

ಮೂರನೇ ಸಲವೂ ಫೋನು ರಿಂಗಾಗಿ ರಿಂಗಾಗಿ ತಾನೇ ನಿಂತುಹೋಯಿತು. ವೆನೆಲಿನ್ ರಿಸೀವರನ್ನು ಕೂಡಲೇ ಇಡಲಿಲ್ಲ. ಆ ಕಡೆ ಯಾರೋ ಚಪ್ಪಲಿ ಹುಡುಕುತ್ತಿರಬಹುದು, ಇನ್ನೇನು ಬಂದು ಎತ್ತಬಹುದು ಎಂದುಕೊಂಡು ಕಿವಿಗೆ ಒತ್ತಿಕೊಂಡೇ ಕೂತ. ಗಂಟೆ ಹತ್ತೂವರೆ. ಎರಡಕ್ಕೆ ಸ್ಪರ್ಧಾ ಆಯೋಗದ ಸಭೆ, ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಆಯೋಗ. ಮೇಜಿನ ಮೇಲೆ ಅವನೇ ಬರೆದ ಇಪ್ಪತ್ತೆಂಟು ಪುಟಗಳ ಕರಡು ತೀರ್ಪು ಇತ್ತು: ನಾಲ್ಕು ಹಾಲಿನ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಒಂದು ಇಡೀ ಜಿಲ್ಲೆಯ ಶಿಶುವಿಹಾರಗಳನ್ನು ಹಂಚಿಕೊಂಡಿವೆ, ಟೆಂಡರಿನಲ್ಲಿ ಪೈಪೋಟಿಯ ನಾಟಕವಾಡಿವೆ, ಅವುಗಳಿಗೆ ದಂಡ ವಿಧಿಸಿ ಮುಂದಿನ ಟೆಂಡರುಗಳಿಂದ ಹೊರಗಿಡತಕ್ಕದ್ದು. ಅವನೂ ಸೇರಿ ಆಯೋಗದ ಏಳು ಸದಸ್ಯರಲ್ಲಿ ನಾಲ್ವರು ಕೈ ಎತ್ತಿದರೆ ಮುಗಿಯಿತು. ಎತ್ತದಿದ್ದರೂ ಮುಗಿಯಿತು, ಏಕೆಂದರೆ ಇನ್ನು ಹನ್ನೊಂದು ದಿನಕ್ಕೆ ಪ್ರಕರಣದ ಕಾಲಮಿತಿ ತೀರುತ್ತದೆ, ಆಮೇಲೆ ಆ ನಾಲ್ಕು ಕಂಪನಿಗಳನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಕರಡಿನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಸಾಕ್ಷ್ಯ ಗಟ್ಟಿಯಾಗಿತ್ತು. ಆದರೂ ತನ್ನದೇ ಕರಡಿಗೆ ತನ್ನದೇ ಕೈ ಎತ್ತಲು ಆ ತಂತಿಯ ತುದಿಯಿಂದ ಒಂದು ಮಾತು ಬರಬೇಕಿತ್ತು, ಅದು ಬರುತ್ತಿರಲಿಲ್ಲ.

ಹೆಚ್ಚೇನಲ್ಲ, ಒಂದೇ ಮಾತು. 'ಮೆತೋದಿಯಣ್ಣ, ಹವಾ ಹೇಗಿದೆ?' ಎಂದು ಅವನು ಕೇಳುತ್ತಿದ್ದ. 'ತಿಳಿಯಾಗಿದೆ' ಎಂದರೆ ಕೈ ಎತ್ತುವುದು. 'ಮೋಡ' ಎಂದರೆ ಮರುತನಿಖೆಗೆ ಕಳಿಸುವುದು. ಆಯೋಗದ ಸದಸ್ಯನಾದ ಐದು ವರ್ಷದಲ್ಲಿ ಒಂದೇ ಒಂದು ಪ್ರಕರಣದ ಹೆಸರನ್ನೂ ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅದು ಅವನ ಹೆಮ್ಮೆ. ಯಾರು ಕದ್ದು ಕೇಳಿದರೂ ಇಬ್ಬರು ವಯಸ್ಸಾದವರು ಮಳೆ ಬಿಸಿಲಿನ ಮಾತಾಡುತ್ತಿದ್ದಾರೆ ಎಂದುಕೊಳ್ಳಬೇಕು. ಇದು ಶುರುವಾದದ್ದು ಹದಿನಾರು ವರ್ಷದ ಹಿಂದೆ, ಸಚಿವಾಲಯದ ಕಾರಿಡಾರಿನಲ್ಲಿ. ಆಗಿನ ಉಪಸಚಿವ ಮೆತೋದಿ ಗ್ರೋಝೆವ್ ಎದುರಿಗೆ ಬಂದು, ಅವನ ಕೈಯಲ್ಲಿದ್ದ ಕಡತವನ್ನೊಮ್ಮೆ ಕಿಟಕಿಯನ್ನೊಮ್ಮೆ ನೋಡಿ, 'ಇವತ್ತು ಹವಾ ಸರಿಯಿಲ್ಲ ಕಣಯ್ಯ' ಎಂದಿದ್ದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ವೆನೆಲಿನ್ ಕಡತವನ್ನು ಕಂಕುಳಿಗೆ ಸೇರಿಸಿಕೊಂಡು ವಾಪಸು ಹೋಗಿ ಡ್ರಾಯರಿನ ತಳದಲ್ಲಿಟ್ಟ. ಅಂಥದೇ ಕಡತವನ್ನು ಮುಂದೆ ಕಳಿಸಿದ ಪಕ್ಕದ ಮೇಜಿನವನು ಎರಡು ತಿಂಗಳಲ್ಲಿ ಗಡಿಯ ಸುಂಕದ ಕಟ್ಟೆಗೆ ವರ್ಗವಾದ. ಮೆತೋದಿಯಣ್ಣ ನಿವೃತ್ತರಾದಾಗ ಎಲ್ಲರೂ, ಕುರ್ಚಿ ಬಿಟ್ಟರೂ ದಾರ ಅವರ ಕೈಯಲ್ಲೇ ಇದೆ ಎಂದರು. ಯಾರು ಮೊದಲು ಹೇಳಿದರೋ, ವೆನೆಲಿನ್ ಅಂತೂ ನಂಬಿದ.

ಸೂಚನೆ ಎಂದರೆ ಇದೇ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾಲ್ಕು ವರ್ಷದ ಹಿಂದೆ ಬ್ರಸೆಲ್ಸಿನ ಒಕ್ಕೂಟದ ಕಚೇರಿಯಿಂದ ನಿರ್ದೇಶನ ಬಂತು: ಒಕ್ಕೂಟದ ಪ್ರತಿ ದೇಶವೂ ತನ್ನ ಸ್ಪರ್ಧಾ ಆಯೋಗವನ್ನು ಹೀಗೀಗೆ ಕಟ್ಟತಕ್ಕದ್ದು, ಸದಸ್ಯರನ್ನು ಕೊಟ್ಟ ತೀರ್ಪಿಗಾಗಿ ಕಿತ್ತುಹಾಕುವಂತಿಲ್ಲ, ಸಾಕಷ್ಟು ಜನ ಕೊಡಬೇಕು, ಸಾಕಷ್ಟು ಸಲಕರಣೆ ಕೊಡಬೇಕು. ಅದನ್ನು ಈ ನೆಲದ ಕಾನೂನಾಗಿ ಬರೆಯುವ ಸಮಿತಿಯಲ್ಲಿ ಆಯೋಗದ ಪರವಾಗಿ ಕೂತವನು ವೆನೆಲಿನ್. ಎಂಟನೇ ಕಲಮಿಗೆ ಬಂದಾಗ ಸಚಿವಾಲಯದ ಹೆಂಗಸೊಬ್ಬಳು ಪೆನ್ಸಿಲ್ ಎತ್ತಿ, 'ಸರ್ಕಾರದಿಂದಾಗಲಿ ಇನ್ನಾರಿಂದಾಗಲಿ ಸೂಚನೆ ಪಡೆಯತಕ್ಕದ್ದಲ್ಲ ಅಂತ ಆಯ್ತಲ್ಲ, ಮತ್ತೆ ಕೇಳತಕ್ಕದ್ದೂ ಅಲ್ಲ ಅಂತ ಯಾಕೆ? ಒಂದೇ ಮಾತು ಎರಡು ಸಲ. ಹೊಡೆದುಹಾಕೋಣ' ಎಂದಳು. ವೆನೆಲಿನ್‌ಗೆ ಏನಾಯಿತೋ, ಕಿವಿ ಕೆಂಪಾಗಿ ನಲವತ್ತು ನಿಮಿಷ ವಾದಿಸಿದ. ಎರಡೂ ಒಂದೇ ಅಲ್ಲ, ಇಲ್ಲಿ ಯಾರೂ ಯಾರಿಗೂ ಸೂಚನೆ ಕೊಡುವುದಿಲ್ಲ ಮೇಡಂ, ಇಲ್ಲಿ ಎಲ್ಲರೂ ಕೇಳಿಕೊಂಡು ಹೋಗುತ್ತಾರೆ, ಕೇಳುವುದೇ ರೋಗ. ಅಷ್ಟು ನಿಜವನ್ನು ಅವನು ಒಂದೇ ಉಸಿರಿನಲ್ಲಿ ಬೇರೆಲ್ಲೂ ಹೇಳಿರಲಿಲ್ಲ. ಎರಡು ಪದ ಉಳಿದವು. ಅವತ್ತು ಸಂಜೆ ಮನೆಗೆ ಹೋಗಿ, ಆ ಎರಡು ಪದ ಉಳಿಸಿಕೊಂಡದ್ದಕ್ಕೆ ಏನಾದರೂ ತೊಂದರೆಯಾದೀತೇ ಎಂದು ಮೆತೋದಿಯಣ್ಣನಿಗೆ ಫೋನ್ ಮಾಡಿ ಹವಾ ಕೇಳಿದ್ದ.

ನಾಲ್ಕನೇ ಸಲ ಡಯಲ್ ಮಾಡಲು ನಾಚಿಕೆಯಾಗಿ ಕೋಟು ಹಾಕಿಕೊಂಡು ಹೊರಟ. ಲಿಫ್ಟಿನ ಎದುರು ಬೆಂಚಿನ ಮೇಲೆ ಸ್ತೋಯ್ನಾ ಕೂತಿದ್ದಳು. ದೂರು ಕೊಟ್ಟವಳು ಆಕೆಯೇ. ತಪ್ಪಲಿನ ಊರಿನಲ್ಲಿ ಒಂದು ಸಣ್ಣ ಡೈರಿ, ಒಂದು ಕಾಲಕ್ಕೆ ಹದಿನೈದು ಶಿಶುವಿಹಾರಕ್ಕೆ ಮೊಸರು ಹಾಕುತ್ತಿದ್ದವಳು. ಪ್ರತಿ ವಿಚಾರಣೆಗೂ ಬೆಳಗಿನ ಬಸ್ಸಿಗೆ ಬರುತ್ತಾಳೆ, ಪ್ರತಿ ಸಲ ಗಾಜಿನ ಜಾಡಿಯಲ್ಲಿ ಗಟ್ಟಿ ಮೊಸರು ತರುತ್ತಾಳೆ, ಪ್ರತಿ ಸಲ ವೆನೆಲಿನ್ ಕೈ ಮುಗಿಯುವ ಹಾಗೆ ಮಾಡಿ, ತಗೊಳ್ಳೋ ಹಾಗಿಲ್ಲಮ್ಮ ಎನ್ನುತ್ತಾನೆ. ಸಾಕ್ಷ್ಯ ಹುಡುಕಿದವಳೂ ಆಕೆಯೇ. ಪುರಸಭೆಯಲ್ಲಿ ಟೆಂಡರು ಒಡೆದ ದಿನ ನಾಲ್ಕು ಕಂಪನಿಗಳ ಅರ್ಜಿಯನ್ನೂ ಬೆರಳಿಟ್ಟು ಓದಿದಳು. ನಾಲ್ಕರಲ್ಲೂ ಏಳನೇ ಸಾಲಿನಲ್ಲಿ ಮೊಸರು ಎಂಬುದು ಮೊರಸು ಎಂದಾಗಿತ್ತು. ವಿಚಾರಣೆಯಲ್ಲಿ ಎದ್ದು ನಿಂತು, 'ನಾಲ್ಕು ಮನೆ ಮಕ್ಕಳು ಒಂದೇ ತರ ತೊದಲ್ತಾವಾ ಸ್ವಾಮಿ?' ಎಂದು ಕೇಳಿದಾಗ ಕಂಪನಿಗಳ ವಕೀಲರೇ ತಲೆ ಬಗ್ಗಿಸಿ ನಕ್ಕಿದ್ದರು.

'ಲಿಫ್ಟು ಇನ್ನೂ ರಿಪೇರಿ ಆಗಿಲ್ಲ' ಎಂದ ವೆನೆಲಿನ್, ಬೇರೆ ಮಾತು ಹೊಳೆಯದೆ. ಏಪ್ರಿಲಿನಿಂದ ಕೆಟ್ಟಿತ್ತು. ಸಾಕಷ್ಟು ಸಲಕರಣೆಯ ಕಲಮನ್ನು ಬರೆದವನೂ ಅವನೇ.

'ಲಿಫ್ಟ್ ಕಟ್ಕೊಂಡು ನಂಗೇನಾಗ್ಬೇಕು. ಇವತ್ತು ಆಗುತ್ತಾ ಸ್ವಾಮಿ? ಅದು ಹೇಳಿ.'

'ಸಭೆ ಇದೆ. ಎರಡಕ್ಕೆ.'

'ಸಭೆ ಹೋದ ಸಲಾನೂ ಇತ್ತು. ಮರುತನಿಖೆ ಅಂದ್ರಿ, ಮೂರು ವರ್ಷ ಆಯ್ತು. ಅವತ್ತು ಹನ್ನೊಂದು ಜನ ಇದ್ರು ನನ್ನತ್ರ. ಈಗ ನಾನು, ನನ್ನ ನಾದಿನಿ, ಒಂದು ಬಾಯ್ಲರು. ಸೋಮವಾರ ಬಾಯ್ಲರ್ ಬಿಚ್ಕೊಂಡು ಹೋಗಕ್ಕೆ ಬರ್ತಾರೆ. ಇವತ್ತು ಆ ನಾಲ್ಕು ಕಂಪನಿ ಆಚೆ ಬಿದ್ರೆ ನಾನು ಬಾಯ್ಲರಿನೋರಿಗೆ ಬರಬೇಡ್ರಪ್ಪ ಅಂತೀನಿ, ಚಳಿಗಾಲಕ್ಕೆ ಶಿಶುವಿಹಾರಗಳು ನನ್ನ ಹತ್ರಾನೇ ಬರಬೇಕು. ಇಲ್ದಿದ್ರೆ ಬಿಚ್ಕೊಂಡು ಹೋಗ್ಲಿ. ಒಟ್ಟು ಏನೋ ಒಂದು ಹೇಳ್ಬಿಡಿ.'

'ಕೂತಿರಿ ಅಮ್ಮ, ಬರ್ತೀನಿ' ಎಂದು ಮೆಟ್ಟಿಲಿಳಿದ. ಹಿಂದಿನಿಂದ ಆಕೆ ಜಾಡಿಯನ್ನು ಬೆಂಚಿನ ಮೇಲೆ ಇಟ್ಟ ಸದ್ದು ಕೇಳಿಸಿತು.

ಟ್ರಾಮು ಬೆಟ್ಟದ ಕಡೆ ಹೋಗುವುದು. ಸೆಪ್ಟೆಂಬರ್ ಕೊನೆ, ಊರೆಲ್ಲ ಕೆಂಪು ಮೆಣಸಿನಕಾಯಿ ಸುಡುವ ವಾಸನೆ, ಪ್ರತಿ ಮಹಡಿಯ ಬಾಲ್ಕನಿಯಲ್ಲೂ ಒಬ್ಬರು ಕೂತು ಸಿಪ್ಪೆ ಸುಲಿಯುತ್ತಾರೆ. ಮೂರು ವರ್ಷದ ಹಿಂದೆಯೂ ಇದೇ ವಾಸನೆ ಇತ್ತು. ಅವತ್ತು ಆಯೋಗದ ಕೋಣೆಯೊಳಗೆ ಬಿಸಿಲು ಮೇಜಿನ ಅಂಚಿನ ತನಕ ಬಂದಿತ್ತು. ಫೋನಿನಲ್ಲಿ ಮೆತೋದಿಯಣ್ಣ, 'ಮೋಡ ಕಣಯ್ಯ, ದಟ್ಟವಾಗಿದೆ, ಇವತ್ತು ಏನೂ ಹೊರಗೆ ಇಡಬಾರದು' ಎಂದಿದ್ದರು. ಕಣ್ಣ ಮುಂದೆ ಬಿಸಿಲಿರುವಾಗ ಮೋಡ ಎಂದರೆ ಸಂದೇಹಕ್ಕೆ ಎಡೆಯೆಲ್ಲಿ? ಏನೂ ಹೊರಗೆ ಇಡಬಾರದು ಎಂಬ ಮಾತನ್ನು ಅವನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಎಷ್ಟು ನಾಜೂಕಾಗಿ ಹೇಳಿದರು ಎಂದು ಮೆಚ್ಚಿದ್ದ. ಸಭೆಯಲ್ಲಿ ತಾನೇ ಎದ್ದು ಮರುತನಿಖೆ ಎಂದ. ಹೊರಗೆ ಬಂದಾಗ ಸ್ತೋಯ್ನಾ ಕೇಳಿದ್ದಕ್ಕೆ, ಇನ್ನಷ್ಟು ಆಳವಾಗಿ ಪರಿಶೀಲಿಸಬೇಕಾಗಿದೆ ಎಂದ. ಆಳ ಎಂಬ ಪದ ಬಳಸಿದ್ದಕ್ಕೆ ಈಗ ಟ್ರಾಮಿನಲ್ಲಿ ನಿಂತಿದ್ದವನಿಗೆ ನಾಚಿಕೆಯಾಯಿತು. ಅಪ್ಪನೂ ಹೀಗೆಯೇ. ಸಹಕಾರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಪ್ಪ ಮಗ ಹುಟ್ಟಿದ ದಿನ ಟೊಪ್ಪಿಗೆ ಕೈಯಲ್ಲಿ ಹಿಡಿದು ಅಧ್ಯಕ್ಷನ ಬಾಗಿಲಿಗೆ ಹೋಗಿ, ಏನು ಹೆಸರಿಡಲಿ ಎಂದು ಕೇಳಿದ್ದನಂತೆ. ಅಧ್ಯಕ್ಷ ಬಿತ್ತನೆಯ ಪಟ್ಟಿ ನೋಡುತ್ತಿದ್ದ, ತಲೆ ಎತ್ತದೆ 'ವೆನೆಲಿನ್' ಎಂದ. ಅವನು ಹೇಳಿದ್ದು ಹೆಸರೋ, ಪಟ್ಟಿಯಲ್ಲಿದ್ದ ಯಾರನ್ನಾದರೂ ಕರೆದದ್ದೋ ಅಪ್ಪನಿಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಕೇಳಲು ಧೈರ್ಯವಾಗಲಿಲ್ಲ. ಈ ಕತೆಯನ್ನು ಅಮ್ಮ ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಹೇಳಿ ನಗಿಸುತ್ತಿದ್ದಳು. ವೆನೆಲಿನ್ ಕೂಡ ನಗುತ್ತಿದ್ದ.

ಎಂಟನೇ ಮಹಡಿಯಲ್ಲಿ ಬಾಗಿಲು ತೆರೆದವರು ಮೆತೋದಿಯಣ್ಣನೇ. ಏಪ್ರನ್ ಕಟ್ಟಿಕೊಂಡಿದ್ದರು, ಬೆರಳೆಲ್ಲ ಕೆಂಪಾಗಿತ್ತು. ಈ ಮನುಷ್ಯನ ಓವರ್‌ಕೋಟನ್ನು ಒಂದು ಶವಸಂಸ್ಕಾರದಲ್ಲಿ ವೆನೆಲಿನ್ ಎರಡು ಗಂಟೆ ಹೊತ್ತು ನಿಂತಿದ್ದುಂಟು, ತೋಳು ಮರಗಟ್ಟಿದರೂ ಕೈ ಬದಲಿಸಿರಲಿಲ್ಲ.

'ಓಹೋ! ಏನಯ್ಯ, ಕಾಲು ದಾರಿ ತಪ್ಪಿತಾ? ಬಾ ಬಾ. ಅಲ್ಲಿ ಚಪ್ಪಲಿ ಇದೆ ನೋಡು, ಹಾಕ್ಕೋ, ನೆಲ ತಣ್ಣಗಿದೆ.'

'ಬೆಳಿಗ್ಗೆಯಿಂದ ಫೋನ್ ಮಾಡ್ತಿದ್ದೆ ಮೆತೋದಿಯಣ್ಣ.'

'ಫೋನ್ ಎಲ್ಲಿದೆ ಈಗ? ಸೋಮವಾರ ತಂತಿ ಕಿತ್ತು ಎತ್ತಿಟ್ಟುಬಿಟ್ಟೆ, ನಿನ್ನ ಕಡೆ ಸುಮ್ನೆ ರಿಂಗಾಗ್ತಿರುತ್ತೆ ಅಷ್ಟೆ. ತಿಂಗಳಿಗೆ ಒಂದೋ ಎರಡೋ ಕರೆ, ಅದೂ ನಿಂದೇ. ಮಗಳು ಮೊಬೈಲ್ ಕೊಡಿಸಿದಾಳೆ, ನಂಬರ್ ಬರ್ಕೊಂಡು ಹೋಗು. ಕೂತ್ಕೋ, ಸುಮ್ನೆ ಕೂರ್ಬೇಡ, ಒಂದು ಚಾಕು ತಗೋ.'

ಬಾಲ್ಕನಿಯಲ್ಲಿ ಎರಡು ಬೋಗುಣಿ, ಒಂದರಲ್ಲಿ ಸುಟ್ಟ ಮೆಣಸಿನಕಾಯಿ, ಒಂದರಲ್ಲಿ ಸುಲಿದದ್ದು. ವೆನೆಲಿನ್ ಕೋಟು ಬಿಚ್ಚದೆಯೇ ಕೂತು ಒಂದು ಕಾಯಿ ಕೈಗೆ ತೆಗೆದುಕೊಂಡ. ಬೆಟ್ಟ ಇಲ್ಲಿಂದ ತೀರ ಹತ್ತಿರ, ಅದರ ನೆತ್ತಿಯ ಮೇಲೆ ಬೂದುಬಣ್ಣದ್ದೇನೋ ಕವಿದಿತ್ತು. ಆಯೋಗದ ಕಟ್ಟಡದಿಂದ ಹೊರಟಾಗ ಆಕಾಶ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಈ ಹದಿನಾರು ವರ್ಷದಲ್ಲಿ ಅವನು ಆಕಾಶ ನೋಡಿ ಕೊಡೆ ತೆಗೆದುಕೊಂಡವನಲ್ಲ, ಬಿಸಿಲಿನಲ್ಲಿ ಕೊಡೆ ಹಿಡಿದು ಹೋಗಿ ಜನರಿಂದ ನಗಿಸಿಕೊಂಡಿದ್ದ, ಮಳೆಯಲ್ಲಿ ನೆಂದಿದ್ದ.

'ಇವತ್ತು ಎರಡು ಗಂಟೆಗೆ ಸಭೆ ಇದೆ' ಎಂದ.

'ಇರ್ಲಪ್ಪ. ಮನುಷ್ಯನಿಗೆ ಸಭೆ ಇರ್ಬೇಕು. ಇಲ್ದಿದ್ರೆ ನನ್ನ ತರ ಸಿಪ್ಪೆ ಸುಲೀತಾ ಕೂರ್ಬೇಕಾಗುತ್ತೆ.'

ಸಮಯವಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ವೆನೆಲಿನ್ ನೇರವಾಗಿ ಕೇಳಿಬಿಟ್ಟ. 'ಮೇಲಿನವರು ಏನಂತಾರೆ ಮೆತೋದಿಯಣ್ಣ?'

'ಮೇಲಿನವರಾ?' ಮೆತೋದಿಯಣ್ಣ ಚಾಕುವಿನಿಂದ ಚಾವಣಿ ತೋರಿಸಿದರು. 'ಅವರ ಸುದ್ದಿ ಎತ್ತಬೇಡ. ಬಚ್ಚಲ ನೀರು ಸೋರ್ತಿದೆ ಅಂತ ಜೂನ್‌ನಿಂದ ಹೇಳ್ತಿದೀನಿ. ಗಂಡ ಬಂದು ನೋಡ್ತೀನಿ ಅಂತಾನೆ, ಹೆಂಡತಿ ಬಾಗಿಲೇ ತೆಗೆಯಲ್ಲ. ಇಲ್ಲಿ ನೋಡು, ಬಣ್ಣ ಹೇಗೆ ಎದ್ದಿದೆ.'

ವೆನೆಲಿನ್ ಚಾವಣಿಯ ಕಡೆ ನೋಡಿದ. ನಿಜವಾಗಿಯೂ ಬಣ್ಣ ಎದ್ದಿತ್ತು. ಇದೂ ಒಂದು ಮಾತಿನ ರೀತಿಯಿರಬಹುದೇ ಎಂದು ಮನಸ್ಸು ಹಳೆಯ ಅಭ್ಯಾಸದಿಂದ ಲೆಕ್ಕ ಹಾಕತೊಡಗಿತು, ಸೋರುವುದು ಎಂದರೆ ಏನು, ಬಾಗಿಲು ತೆಗೆಯದ ಹೆಂಡತಿ ಎಂದರೆ ಯಾರು. ಆಮೇಲೆ ಎದುರಿಗಿದ್ದ ಮುಖವನ್ನು ನೋಡಿದ. ಅದು ಸೋರುವ ಚಾವಣಿಯ ಬಗ್ಗೆ ಸಿಟ್ಟಾಗಿದ್ದ ಒಬ್ಬ ಎಂಬತ್ತು ವರ್ಷದ ಮುದುಕನ ಮುಖ, ಅದರ ಹಿಂದೆ ಬೇರೆ ಏನೂ ಇರಲಿಲ್ಲ.

ಬಾಲ್ಕನಿಯ ಬಾಗಿಲಿಗೆ ದಾರ ಕಟ್ಟಿ ಒಂದು ಶಾಲಾ ನೋಟುಪುಸ್ತಕ ತೂಗುಹಾಕಿತ್ತು, ಜೊತೆಗೊಂದು ಪೆನ್ಸಿಲ್ ತುಂಡು. ಕಣ್ಣು ಅತ್ತ ಹೋದದ್ದನ್ನು ಮೆತೋದಿಯಣ್ಣ ಕಂಡು ಖುಷಿಯಾದರು. 'ಹವಾಮಾನದ ಪುಸ್ತಕ ಅದು. ನಿವೃತ್ತಿ ಆದಾಗಿಂದ ಬರೀತಿದೀನಿ, ಒಂದು ದಿನ ಬಿಟ್ಟಿಲ್ಲ. ಅಲ್ಲಿ ಕಪಾಟಲ್ಲಿ ಹಳೇವೂ ಇವೆ. ನೀನು ಯಾವಾಗಲೂ ಕೇಳ್ತಿದ್ಯಲ್ಲ, ನಿಂಗೋಸ್ಕರಾನೇ ಬೆಳಿಗ್ಗೆ ಎದ್ದ ತಕ್ಷಣ ಸರಿಯಾಗಿ ನೋಡಿಡ್ತಿದ್ದೆ.'

ವೆನೆಲಿನ್‌ಗೆ ಬೇಕಾದ ತಾರೀಖು ಬಾಯಿಪಾಠವಾಗಿತ್ತು. ಕಪಾಟಿನಿಂದ ಮೂರು ವರ್ಷದ ಹಿಂದಿನ ಪುಸ್ತಕ ತೆಗೆದು ಹಾಳೆ ಮಗುಚಿದ. ಮೆಣಸಿನಕಾಯಿಯ ಬಣ್ಣ ಹಾಳೆಗೂ ಹತ್ತಿತು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಬೆಳಿಗ್ಗೆ ದಟ್ಟ ಮೋಡ, ಬೆಟ್ಟ ಕಾಣುವುದಿಲ್ಲ. ಅಕ್ರೋಟು ಹೊರಗೆ ಹರವಿದ್ದನ್ನು ಒಳಗೆ ತಂದೆ. ವೆನೆಲಿನ್ ಫೋನ್ ಮಾಡಿದ್ದ. ಪಾಪ, ಅವನಿಗೂ ಮಾತಾಡಲು ಯಾರೂ ಇಲ್ಲ.'

ಅಕ್ರೋಟು. ಹನ್ನೊಂದು ಜನರ ಡೈರಿ ಹೋದದ್ದು ಈ ಮುದುಕನ ಅಕ್ರೋಟು ನೆನೆಯಬಾರದೆಂದು. ವೆನೆಲಿನ್ ಕೆಳಗೆ ಕೂತುಬಿಟ್ಟ. ಬೇರೆ ಪುಟಗಳನ್ನು ಮಗುಚಲು ಧೈರ್ಯವಾಗಲಿಲ್ಲ, ಯಾವ ಯಾವ ತಾರೀಖಿನಲ್ಲಿ ತಾನು ಏನೇನು ಮಾಡಿದೆನೆಂದು ಅವನಿಗೆ ಗೊತ್ತಿತ್ತು. ಔಷಧದಂಗಡಿಗಳ ಪ್ರಕರಣ, ಡಾಂಬರಿನ ಪ್ರಕರಣ, ಶವಪೆಟ್ಟಿಗೆ ಮಾರುವವರ ಪ್ರಕರಣ.

'ಮೆತೋದಿಯಣ್ಣ, ನಾನು ನಿಮ್ಮನ್ನ ಕೇಳ್ತಿದ್ದದ್ದು ಹವಾ ಅಲ್ಲ.'

'ಮತ್ತೇನು?'

ಅವನು ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡ. ಮೆತೋದಿಯಣ್ಣ ಸುಲಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಅರ್ಥವಾಗುತ್ತ ಬಂದ ಹಾಗೆ ಆ ಮುಖದಲ್ಲಿ ಮೊದಲು ಅವಮಾನ ಕಾಣಿಸಿತು, ಗೆಳೆಯನೆಂದುಕೊಂಡವನು ಗೆಳೆಯನಾಗಿರಲಿಲ್ಲ ಎಂಬ ಅವಮಾನ. ಆಮೇಲೆ ಅವರು ಚಾಕುವನ್ನು ಬೋಗುಣಿಯ ಅಂಚಿಗೆ ಒರೆಸಿದರು.

'ಹದಿಮೂರು ವರ್ಷದಿಂದ ಒಬ್ಬ ನರಪಿಳ್ಳೆ ನಂಗೆ ಏನೂ ಹೇಳಿಲ್ಲ ಕಣೋ. ನಂಗೇನು ಗೊತ್ತಿರುತ್ತೆ? ಕುರ್ಚೀಲಿದ್ದಾಗಲೂ ಗೊತ್ತಿರ್ಲಿಲ್ಲ. ನೀವೆಲ್ಲ ಬಂದು ನನ್ನ ಮುಖ ನೋಡ್ತಿದ್ರಿ, ನಾನು ಹೋಗಿ ಸಚಿವರ ಮುಖ ನೋಡ್ತಿದ್ದೆ. ಆ ಮಹಾರಾಯ ಯಾರ ಮುಖ ನೋಡ್ತಿದ್ದನೋ. ಅವನಿಗೆ ಹಲ್ಲುನೋವು ಇರೋದು, ನಾನು ಬಂದು ಇಡೀ ವಿಭಾಗಕ್ಕೆ ಬೀಗ ಹಾಕೋದು.' ಅವರು ನಗಲು ನೋಡಿದರು, ಆಗಲಿಲ್ಲ. 'ಹೋಗು, ನಿನ್ನ ಸಭೆಗೆ ಹೊತ್ತಾಯ್ತು. ಫೋನ್ ನಂಬರು ಬೇಡ ಬಿಡು.'

ವಾಪಸು ಟ್ರಾಮಿನಲ್ಲಿ ಅವನಿಗೆ ಮೊದಲು ಹಗುರವಾದಂತೆ ಅನ್ನಿಸಿತು, ಆಮೇಲೆ ಭಯವಾಯಿತು. ಮೇಲೆ ಯಾರೂ ಇಲ್ಲ. ಕೈ ಎತ್ತಿದರೆ ಯಾರೂ ಬಯ್ಯುವುದಿಲ್ಲ, ಎತ್ತದಿದ್ದರೆ ಯಾರೂ ಹೊಗಳುವುದಿಲ್ಲ, ಕಾನೂನಿನ ಪ್ರಕಾರ ಯಾರೂ ಅವನನ್ನು ಅಲುಗಿಸುವಂತಿಲ್ಲ, ಇಂಥ ಒಬ್ಬ ಮನುಷ್ಯ ಇರಬೇಕೆಂದೇ ಅಷ್ಟು ಕಲಮುಗಳನ್ನು ಬರೆದದ್ದು. ಆ ಮನುಷ್ಯನನ್ನು ತನ್ನೊಳಗೆ ಹುಡುಕಿದ. ಅಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ ಅಪ್ಪನಿದ್ದ. ಎದುರು ಸೀಟಿನ ಹೆಂಗಸು, ಇಳೀತೀರಾ ಎಂದು ಕೇಳಿದಳು. ಇಳಿಯಬೇಕಾದ ನಿಲ್ದಾಣ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೂ 'ಇಳೀಲಾ?' ಎಂಬ ಮಾತು ಬಾಯಿಗೆ ಬಂದೇಬಿಟ್ಟಿತು.

ಸಭೆಗೆ ಮುಂಚೆ ಎಲ್ಲರೂ ಕಾಫಿ ಯಂತ್ರದ ಹತ್ತಿರ ಸೇರುತ್ತಾರೆ. ಇವತ್ತೂ ಆರೂ ಜನ ಸೇರಿದ್ದರು. ಅವನು ಬಂದದ್ದನ್ನು ನೋಡಿ ಅಧ್ಯಕ್ಷೆ ಪಾನೊವಾ ಕಪ್ಪು ಕೈಗೆ ಕೊಡುತ್ತ ಎಂದಿನ ಹಾಗೆ, 'ಬಂದ್ರಾ ವೆನೆಲಿನ್? ಹೊರಗೆ ಹವಾ ಹೇಗಿದೆ?' ಎಂದಳು. ಎಂದಿನ ಹಾಗೆ. ಪ್ರತಿ ಸಭೆಗೂ ಮುಂಚೆ ಆಕೆ ಇದನ್ನು ಕೇಳುತ್ತಿದ್ದಳು, ಅವನು ತನಗೆ ಬಂದ ಉತ್ತರವನ್ನೇ, ತಿಳಿಯಾಗಿದೆ ಅಥವಾ ಮೋಡ ಎಂದು, ಯೋಚಿಸದೆ ಹೇಳುತ್ತಿದ್ದ, ಅದು ಕಾಫಿಯ ಜೊತೆಗಿನ ಮಾತೆಂದುಕೊಂಡಿದ್ದ. ಈಗ ನೋಡಿದ. ಆರು ಚಮಚಗಳೂ ನಿಂತಿದ್ದವು. ಮಾತಿನಮಲ್ಲ ಕ್ರೂಮ್ ಸಹ ಬಾಯಿ ಮುಚ್ಚಿಕೊಂಡು ಅವನ ಮುಖವನ್ನೇ ನೋಡುತ್ತಿದ್ದ. ಇವರೆಲ್ಲರಿಗೂ ಒಬ್ಬೊಬ್ಬ ಮೆತೋದಿಯಣ್ಣ ಇದ್ದಾನೆ, ಒಂದೊಂದು ಫೋನ್ ನಂಬರು ಇದೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಇರಲಿಲ್ಲ. ಇವರಿಗೆ ಇದ್ದವನು ಅವನೊಬ್ಬನೇ.

ತಿಳಿಯಾಗಿದೆ ಎಂದರೆ ಸಾಕಿತ್ತು. ಒಂದೇ ಪದ, ಏಳು ಕೈಗಳು ಒಟ್ಟಿಗೆ ಏಳುತ್ತಿದ್ದವು, ಸೋಮವಾರ ಬಾಯ್ಲರು ಇದ್ದಲ್ಲೇ ಇರುತ್ತಿತ್ತು. ಆ ಪದ ನಾಲಿಗೆಯ ಮೇಲಿತ್ತು. ಆದರೆ ಎಂಟನೇ ಕಲಮನ್ನು ಬರೆದವನು ತಾನು, ಒಂದು ದಿನವಾದರೂ ಅದರ ಪ್ರಕಾರ ನಡೆದವನಾಗಬೇಕು, ಇವರಿಗೂ ನಿಜ ಹೇಳಿ ಇವರನ್ನೂ ಬಿಡಿಸಬೇಕು ಎಂಬ ಆಸೆ ಎಲ್ಲಿಂದಲೋ ಬಂತು. ಆಸೆಯೇ, ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

'ನಂಗೊತ್ತಿಲ್ಲ' ಎಂದ ವೆನೆಲಿನ್. 'ನಂಗೆ ಯಾರೂ ಏನೂ ಹೇಳಿಲ್ಲ. ಯಾವತ್ತೂ ಹೇಳಿರ್ಲಿಲ್ಲ. ನೀವು ನೀವೇ ನಿರ್ಧಾರ ಮಾಡಿ.'

ಒಬ್ಬರು ಕಾರಿಡಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ ಕ್ರೂಮ್ ದನಿ ತಗ್ಗಿಸಿ, 'ಅಯ್ಯೋ ದೇವರೇ, ಅಷ್ಟು ಕೆಟ್ಟಿದೆಯಾ?' ಎಂದ.

'ಇಲ್ಲ ಕ್ರೂಮ್, ನಾನು ಹೇಳ್ತಿರೋದು ನಿಜವಾಗ್ಲೂ...'

'ಆಯ್ತು ಆಯ್ತು, ಅರ್ಥ ಆಯ್ತು ಬಿಡಪ್ಪ. ಇಲ್ಲಿ ಬೇಡ. ಗೋಡೆಗೂ ಕಿವಿ ಇರುತ್ತೆ.' ಅವನು ವೆನೆಲಿನ್‌ನ ತೋಳು ಒತ್ತಿದ, ಸಾವಿನ ಮನೆಯಲ್ಲಿ ಒತ್ತುವ ಹಾಗೆ. ಪಾನೊವಾ ಕಪ್ಪಿನಲ್ಲಿ ಉಳಿದ ಕಾಫಿಯನ್ನು ಸಿಂಕಿಗೆ ಸುರಿದು, 'ನಡೀರಿ, ಬೇಗ ಮುಗಿಸಿಬಿಡೋಣ' ಎಂದಳು.

ಬೇಗ ಮುಗಿಯಿತು. ವೆನೆಲಿನ್ ಇಪ್ಪತ್ತೆಂಟು ಪುಟಗಳ ಸಾರಾಂಶ ಓದಿದ, ಮೊರಸು ಎಂಬ ಪದವನ್ನು ಎರಡು ಸಲ ಒತ್ತಿ ಓದಿದ. ದನಿ ನಡುಗಿತು. ಅದು ಭಯದ ನಡುಕವೆಂದು ಅವರು ತಿಳಿದರೆಂಬುದು ಅವನಿಗೆ ಅವರ ಕಣ್ಣಿನಿಂದಲೇ ಗೊತ್ತಾಯಿತು. ಕರಡಿಗೆ ಒಪ್ಪುವವರು ಎಂದಾಗ ಅವನು ಕೈ ಎತ್ತಿದ. ಬಲಗೈ, ಭುಜದ ಮೇಲಕ್ಕೆ, ಎಲ್ಲರಿಗೂ ಕಾಣುವ ಹಾಗೆ. ಯಾರೂ ಆ ಕೈಯನ್ನು ನೋಡಲಿಲ್ಲ. ಒಬ್ಬರು ಪೆನ್ನಿನ ಮುಚ್ಚಳ ನೋಡುತ್ತಿದ್ದರು, ಒಬ್ಬರು ಗಡಿಯಾರ. ಕರಡು ಬರೆದವನು ಮರ್ಯಾದೆಗಾಗಿ ಕೈ ಎತ್ತಿದ್ದಾನೆ, ತಮ್ಮನ್ನು ಮೊದಲೇ ಎಚ್ಚರಿಸಿ ಉಪಕಾರ ಮಾಡಿದ್ದಾನೆ ಎಂದುಕೊಂಡಿರಬೇಕು. ಮರುತನಿಖೆಗೆ ಎಂದಾಗ ಆರು ಕೈಗಳು ಎದ್ದವು. ಮರುತನಿಖೆಗೆ ಉಳಿದದ್ದು ಹನ್ನೊಂದು ದಿನ, ಅದರಲ್ಲಿ ನಾಲ್ಕು ರಜೆ. ಅವನು ಕೈಯನ್ನು ಯಾವಾಗ ಇಳಿಸಿದನೆಂದು ಅವನಿಗೇ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ಕೂತಿದ್ದ. ಒಂದು ಸುಳ್ಳು ಹೇಳಿದ್ದರೆ ಸ್ತೋಯ್ನಾ ಉಳಿಯುತ್ತಿದ್ದಳು, ನಿಜ ಹೇಳಿ ತಾನು ಉಳಿಯಲು ಹೋದೆ ಎಂಬುದು ನಿಧಾನವಾಗಿ, ಯಾವ ಗಲಾಟೆಯೂ ಇಲ್ಲದೆ ಅವನಿಗೆ ಅರ್ಥವಾಯಿತು. ಮೂರು ವರ್ಷದ ಹಿಂದೆ ಅವಳನ್ನು ಮುಳುಗಿಸಿದ್ದು ಅವನ ಹೇಡಿತನ. ಇವತ್ತಿನದಕ್ಕೆ ಆ ನೆಪವೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಸ್ತೋಯ್ನಾ ಜಾಡಿಯ ಮುಚ್ಚಳ ತೆಗೆದು ಚೀಲದಿಂದ ಚಮಚ ಹುಡುಕಿ ತಾನೇ ಮೊಸರು ತಿನ್ನುತ್ತಿದ್ದಳು. ಸುದ್ದಿ ಆಗಲೇ ತಲುಪಿತ್ತೆಂದು ಕಾಣುತ್ತದೆ. ಅವನು ಎದುರು ನಿಂತ.

'ಅಮ್ಮ,' ಎಂದ ವೆನೆಲಿನ್, 'ನಾನು ನಿಮ್ಮ ಪರವಾಗಿ ಕೈ ಎತ್ತಿದೆ. ನಾನೊಬ್ಬನೇ ಎತ್ತಿದ್ದು.'

ಸ್ತೋಯ್ನಾ ಅವನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ, ದಣಿವು ಇತ್ತು.

'ನಿಮ್ಗಿಂತ ಮುಂಚೆ ಆಚೆ ಬಂದ ಮೂವರೂ ಅದನ್ನೇ ಹೇಳಿ ಹೋದ್ರು ಸ್ವಾಮಿ' ಎಂದಳು. 'ಆ ಮೇಡಂನೋರು ನನ್ನ ಕೈ ಬೇರೆ ಹಿಡ್ಕೊಂಡ್ರು.'

ವೆನೆಲಿನ್‌ನ ಕೈ ಎದ್ದಿತ್ತು ಎಂಬುದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ, ಮತದ ವಿವರ ಗುಪ್ತವೆಂದು ಇನ್ನೊಂದು ಕಲಮಿತ್ತು. ಸ್ತೋಯ್ನಾ ಜಾಡಿಗೆ ಮುಚ್ಚಳ ಹಾಕಿ, ಚಮಚವನ್ನು ಕರವಸ್ತ್ರದಲ್ಲಿ ಒರೆಸಿ ಚೀಲಕ್ಕೆ ಸೇರಿಸಿದಳು. ಮಂಡಿ ಹಿಡಿದುಕೊಂಡು ಎದ್ದಳು.

'ಬಸ್ ಸ್ಟ್ಯಾಂಡಿನ ತನಕ ನಡೀಬೇಕು, ಕೊಡೆ ಬೇರೆ ತಂದಿಲ್ಲ. ಹೊರಗೆ ಹವಾ ಹೇಗಿದೆ?'

ವೆನೆಲಿನ್ ಅವಳ ಹಿಂದಿದ್ದ ಕಿಟಕಿಯ ಕಡೆ ಕತ್ತೆತ್ತಿ, ಗಾಜಿನ ಆಚೆ, ಕಟ್ಟಡಗಳ ಮೇಲೆ, ಬಹಳ ಎಚ್ಚರಿಕೆಯಿಂದ ನೋಡಿದ.

'ಬಿಸಿಲಿದೆ ಅಮ್ಮ' ಎಂದ. 'ತಿಳಿಯಾಗಿದೆ.'

ಸ್ತೋಯ್ನಾ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಚೀಲವನ್ನು ಬೆಂಚಿನ ಮೇಲಿಟ್ಟು, ಕಿಟಕಿಯ ತನಕ ನಡೆದುಹೋಗಿ ತಾನೇ ನೋಡಿಕೊಂಡು ಬಂದಳು.